ಅಂದು ಇಳಿಯದ ಹಾಡು

"ಬಿದ್ದೆ, ಬಿದ್ದೆ, ಯಾರಾದ್ರೂ ಬನ್ರೋ" ಎಂದು ಮೆಟ್ಟಿಲ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದೆ.

ಯಾರೂ ಬರಲಿಲ್ಲ. ಕೆಳಗೆ ಗೇಟಿಗೆ ಒರಗಿ ನಿಂತಿದ್ದ ಖುರ್ಷೀದ್ ಬೀ ನನ್ನನ್ನೇ ನೋಡುತ್ತಿದ್ದರು. ಏನೂ ಕೇಳಿಸಲಿಲ್ಲ ಎಂದು ಕೈ ಆಡಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದ ಸೊಪ್ಪಿನ ಗಾಡಿಯವನು ತಲೆ ಕೂಡ ಎತ್ತಲಿಲ್ಲ.

ಪಕ್ಕದ ಖಾಲಿ ಸೈಟಿನಲ್ಲಿ ಗಣೇಶನ ಪೆಂಡಾಲು. ಗಣೇಶ ಚಿಕ್ಕವನು, ಅವನ ಎರಡೂ ಕಡೆ ಇಟ್ಟಿದ್ದ ಸೌಂಡ್ ಬಾಕ್ಸುಗಳು ದೊಡ್ಡವು. ಒಂದೊಂದು ಬಡಿತಕ್ಕೂ ಮೆಟ್ಟಿಲಿನ ಕಬ್ಬಿಣದ ಕಂಬಿ ನನ್ನ ಅಂಗೈಯಲ್ಲಿ ನಡುಗುತ್ತಿತ್ತು. ಆನೆಕಿವಿ ಇರುವ ದೇವರ ಮುಂದೆ ಇಷ್ಟು ಗಲಾಟೆ ಯಾಕೆ ಬೇಕು ಎಂದು ಈ ಬೀದಿಯಲ್ಲಿ ಕೇಳುವ ಧೈರ್ಯ ಇದ್ದದ್ದು ಒಬ್ಬರಿಗೇ, ಮುನಿವೆಂಕಟಮ್ಮನವರಿಗೆ.

ಮೊನ್ನೆ ಸಂಜೆ ಅವರು ಇದೇ ಮೆಟ್ಟಿಲಿಂದ ಉರುಳಿ ಬಿದ್ದರು. ಹೆಬ್ಬಾಳದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಯಾರೋ ತಳ್ಳಿದ್ದಾರೆ ಎಂದು ಇವತ್ತು ಬೆಳಿಗ್ಗೆ ಖುರ್ಷೀದ್ ಬೀ ಅವರ ಮಗ ಗಯಾಸನನ್ನು ಪೊಲೀಸರು ಎತ್ತಿಕೊಂಡು ಹೋದರು. ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದ ಪರಪ್ಪನ ಅಗ್ರಹಾರದ ಜೈಲು.

ಅವನನ್ನು ಬಿಡಿಸಿಕೊಡಿ ಎಂದು ಖುರ್ಷೀದ್ ಬೀ ನನ್ನ ಬಳಿ ಬಂದಿದ್ದರು. ನನ್ನ ಕೈಯಲ್ಲಿ ಇದ್ದದ್ದು ಈ ಒಂದು ಮಧ್ಯಾಹ್ನ, ಒಂದು ಸಂಜೆ.

ಹೆಸರು ಆಶಾರಾಣಿ. ಪೊಲೀಸ್ ಕೆಲಸ ಬಿಟ್ಟು ಆರ್.ಟಿ. ನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಪತ್ತೇದಾರಿ ಆಫೀಸು ಇಟ್ಟುಕೊಂಡಿದ್ದೇನೆ. ಮದುವೆ ಗಂಡು ನಿಜವಾಗಿಯೂ ಇಂಜಿನಿಯರೋ ಅಲ್ಲವೋ ಎಂದು ವಿಚಾರಿಸುವುದೇ ಹೆಚ್ಚಿನ ಕೆಲಸ. ಬಾಯಿ ಸ್ವಲ್ಪ ಜೋರು, ಅದು ನನಗೂ ಗೊತ್ತು.

ಹಬ್ಬ ಮುಗಿಯುವ ತನಕ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿ ಕಿವಿಗಿಟ್ಟುಕೋ ಎಂದು ನಮ್ಮಮ್ಮ ಮುನಿಯಲ್ಲಮ್ಮ ಹೇಳಿದ್ದಳು. ಇಟ್ಟುಕೊಂಡಿದ್ದೆ. ಹತ್ತಿ ಇಟ್ಟುಕೊಂಡರೆ ಲೋಕ ನೀರಿನ ಅಡಿಗೆ ಹೋದ ಹಾಗಾಗುತ್ತದೆ. ಜನರ ಬಾಯಿ ಆಡುತ್ತದೆ, ಮಾತಿಲ್ಲ. ಪೆಂಡಾಲಿಗೆ ಕಟ್ಟಿದ ಗುಲಾಬಿ ಜರಿ ಕಾಗದ ಗಾಳಿಗೆ ಏಳುತ್ತದೆ, ಬೀಳುತ್ತದೆ, ಸರಬರ ಇಲ್ಲ. ಬಾಗಲೂರಿನ ಕಡೆ ಹೋಗುತ್ತಿದ್ದ ವಿಮಾನ ಬಿಸಿಲಿನಲ್ಲಿ ಸದ್ದೇ ಇಲ್ಲದೆ ತೇಲಿತು. ಎದೆಯೊಳಗೆ ಮಾತ್ರ ಆ ಬಡಿತ, ದಮ್, ದಮ್, ನಿಂತಲ್ಲೇ ಕಣ್ಣು ಎಳೆಯುತ್ತಿತ್ತು.

ಊಟವಾದ ಮೇಲೆ ಆಫೀಸಿನ ಕುರ್ಚಿಯಲ್ಲಿ ಒಂದು ಜೊಂಪು ಹತ್ತಿ ಕನಸು ಬಿದ್ದಿತ್ತು. ಇದೇ ಮೆಟ್ಟಿಲ ಮೇಲೆ ಮುನಿವೆಂಕಟಮ್ಮ ನಿಂತು ಏನೋ ಕೂಗುತ್ತಿದ್ದಾರೆ, ದನಿಯೇ ಇಲ್ಲ. ಕೆಳಗೆ ಗಯಾಸ್ ಮುಖ ಎತ್ತಿ ನಿಂತಿದ್ದಾನೆ. ಬೀದಿಯಲ್ಲಿ ಅವನೊಬ್ಬನಿಗೇ ಎಲ್ಲವೂ ತಿಳಿಯುತ್ತಿದೆ. ಎಚ್ಚರವಾದಾಗ ಬೇಕರಿಯ ಬನ್ನಿನ ವಾಸನೆ ಮೂಗಿಗೆ ಬಡಿಯಿತು, ಕನಸಿನ ಅರ್ಥ ಮಾತ್ರ ಆಗಲಿಲ್ಲ.

ಮೆಟ್ಟಿಲಿಳಿದು ಖುರ್ಷೀದ್ ಬೀ ಪಕ್ಕ ನಿಂತು ಒಂದು ಕಿವಿಯ ಹತ್ತಿ ತೆಗೆದೆ.

"ಏನೂ ಕೇಳಿಸ್ಲಿಲ್ವಾ?"

"ನಿಮ್ಮ ಬಾಯಿ ಮಾತ್ರ ಕಾಣಿಸ್ತು ಆಶಮ್ಮ."

"ಹಾಗಾದ್ರೆ ಮೊನ್ನೆ ಆ ಮುದುಕಿ ಕೂಗಿದ್ದೂ ಯಾರಿಗೂ ಕೇಳಿಸಿರಲ್ಲ. ಆದ್ರೆ ಬೈಕ್ ಸದ್ದು ಬೀದಿಗೆಲ್ಲ ಕೇಳಿಸಿದೆ ನೋಡಿ."

ಆ ಬೈಕೇ ಗಯಾಸನ ಕೊರಳಿಗೆ ಬಿದ್ದಿದ್ದು. ನಾಗಸಂದ್ರದ ಗ್ಯಾರೇಜೊಂದರಲ್ಲಿ ಬೈಕುಗಳಿಗೆ ಗುಡುಗುವ ಸೈಲೆನ್ಸರ್ ಹಾಕುವುದು ಅವನ ಕೆಲಸ. ಅವನ ಸ್ವಂತ ಗಾಡಿಯ ಸದ್ದು ಕೇಳಿ ತೊಟ್ಟಿಲ ಮಗುವೂ ಗಯಾಸಣ್ಣ ಬಂದ ಎನ್ನುತ್ತದೆ. ಹೋದ ವಾರ ಮುನಿವೆಂಕಟಮ್ಮ ನಡುಬೀದಿಯಲ್ಲಿ ಅವನನ್ನು ನಿಲ್ಲಿಸಿ, "ಇಂಗೇ ಓಡಿಸ್ತಾ ಇರು, ನಿನ್ ಗಾಡೀನ ಸ್ಟೇಷನ್‌ಗೆ ಆಕುಸ್ತೀನಿ" ಎಂದು ಬೈದಿದ್ದರು. ಮೊನ್ನೆ ಕತ್ತಲಾಗುವ ಹೊತ್ತಿಗೆ ಅದೇ ಬೈಕು ಅವರ ಗೇಟಿನಿಂದ ಹೊರಟು ಹೆಬ್ಬಾಳದ ಕಡೆ ಗುಡುಗಿಕೊಂಡು ಓಡಿತು. ಆಮೇಲೆ ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಮಂಜುಶ್ರೀ ನೋಡಿದಾಗ ಅಜ್ಜಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು.

ಮುನಿವೆಂಕಟಮ್ಮ ಪೆಂಡಾಲಿನ ಸೌಂಡಿನ ಮೇಲೂ ದೂರು ಕೊಟ್ಟಿದ್ದರು. ಆ ಸೌಂಡ್ ಸೆಟ್ಟಿನ ಯಜಮಾನ ಉಮೇಶ್, ಸೈಟಿನ ಮಾಲೀಕ ಲಕ್ಕಣ್ಣನ ಮಗ, ಮುನಿವೆಂಕಟಮ್ಮನಿಗೆ ಮೈದುನನ ಮಗನೇ. ಸಿಟ್ಟು ಅವನಿಗೂ ಇತ್ತು. ಆದರೆ ಅವನನ್ನು ಯಾರೂ ಕೇಳಲಿಲ್ಲ. "ಸೌಂಡು ಹೊಡೀತಿತ್ತಲ್ಲಾ ಮೇಡಂ, ಉಮೇಶ ಮಿಕ್ಸರ್ ಹತ್ರಾನೇ ಇದ್ದ" ಎಂದು ಬೀದಿಯವರೆಲ್ಲ ಒಂದೇ ಬಾಯಲ್ಲಿ ಹೇಳಿಬಿಟ್ಟರು.

ಕಣ್ಣಿಂದ ಕಂಡೋರು ಯಾರ್ರೀ ಎಂದು ಕೇಳಿದರೆ ಒಬ್ಬರೂ ಇಲ್ಲ. ಎಲ್ಲರೂ ಕಿವಿಯಿಂದಲೇ ಕಂಡವರು.

ಇನ್‌ಸ್ಪೆಕ್ಟರ್ ವಾಸು ಹಿಂದೆ ನನ್ನ ಕೈಕೆಳಗೆ ಇದ್ದವನು, ಒಳ್ಳೆಯ ಹುಡುಗ, ಅವಸರ ಜಾಸ್ತಿ. ಬೆಳಿಗ್ಗೆ ಫೋನಿನಲ್ಲಿ, "ಕಿವುಡನ ಮುಂದೆ ಶಂಖ ಊದಿದ ಹಾಗಾಗಿದೆ ಮೇಡಂ. ಏನ್ ಕೇಳಿದ್ರೂ ತಲೆ ಆಡಿಸ್ತಾನೆ. ನೀನೇ ತಳ್ಳಿದ್ಯಾ ಅಂದ್ರೂ ತಲೆ ಆಡಿಸ್ದ. ನಾನೇನ್ ಮಾಡ್ಲಿ ಹೇಳಿ?" ಎಂದಿದ್ದ.

ಖುರ್ಷೀದ್ ಬೀ ಪೆಂಡಾಲಿನತ್ತ ನೋಡಿ ನಿಟ್ಟುಸಿರುಬಿಟ್ಟರು. ಬ್ಲೌಸ್ ಹೊಲಿದು ಮಗನನ್ನು ಸಾಕಿದ ಹೆಂಗಸು. ಸಂಜೆಯಾದರೆ ಮುನಿವೆಂಕಟಮ್ಮನ ಜೊತೆ ಇದೇ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಮೊನ್ನೆ ಮಾತ್ರ ಜನಸಂದಣಿ ಅಂತ ಬಂದಿರಲಿಲ್ಲ, ಮನೆಯಲ್ಲೇ ಇದ್ದೆ ಎಂದು ಹೇಳಿದ್ದರು.

"ಇವತ್ತಾದ್ರೂ ನಮಾಜ್ ಹೊತ್ತಿಗೆ ಸೌಂಡ್ ಇಳಿಸ್ತಾರೋ ಏನೋ," ಎಂದರು. "ಮೊನ್ನೆ ಇಳಿಸ್ಲೇ ಇಲ್ಲ ಆಶಮ್ಮ. ಸಂಜೆ ಆಜಾನ್ ಆಗಿದ್ದೇ ನಂಗೆ ಕೇಳಿಸ್ಲಿಲ್ಲ. ಮಸೀದಿ ಮಿನಾರಿನ ಹಸಿರು ಲೈಟ್ ನೋಡಿ, ಅಯ್ಯೋ ಹೊತ್ತಾಯ್ತಲ್ಲ ಅಂದ್ಕೊಂಡೆ."

ನನ್ನ ಜೊಂಪು ಹಾರಿಹೋಯಿತು.

"ಇಳಿಸ್ಲಿಲ್ವಾ? ನಿಜವಾಗ್ಲೂ?"

ಹೊರಗಿನವರಿಗೆ ಇದರಲ್ಲೇನಿದೆ ಅನ್ನಿಸಬಹುದು. ಈ ಬೀದಿಯಲ್ಲಿ ಅದು ಹುಡುಗಾಟದ ಮಾತಲ್ಲ. ಒಂದೇ ಒಂದು ಮೈಕ್ ಸೆಟ್ಟು ಇದ್ದ ಕಾಲದಿಂದಲೂ, ಮಸೀದಿಯಲ್ಲಿ ಆಜಾನ್ ಶುರುವಾದರೆ ಪೆಂಡಾಲಿನ ಹಾಡು ಇಳಿಯುತ್ತದೆ. ಆಜಾನ್ ಮುಗಿದ ಮೇಲೆ ಮತ್ತೆ ಏರುತ್ತದೆ. ಯಾರೂ ಬರೆದಿಟ್ಟ ಕಾನೂನಲ್ಲ. ಗಣೇಶ ಬಿಡುವ ದಿನ ಮಸೀದಿಯವರು ಶರಬತ್ತು ಹಂಚುತ್ತಾರಲ್ಲ, ಹಾಗೆ. ಮಿಕ್ಸರಿನ ಮುಂದೆ ಕೂತವನ ಕೈ ತಾನಾಗಿಯೇ ಕೆಳಗೆ ಹೋಗುತ್ತದೆ. ಲಕ್ಕಣ್ಣನ ಕೈ ಹೋಗುತ್ತಿತ್ತು, ಈಗ ಉಮೇಶನದು ಹೋಗುತ್ತದೆ.

ಮೊನ್ನೆ ಹೋಗಲಿಲ್ಲ ಅಂದರೆ ಅಲ್ಲಿ ಕೂತಿದ್ದ ಕೈ ಯಾರದು?

ಮಂಜುಶ್ರೀಯ ಬಾಗಿಲು ಬಡಿದೆ. ಮೊನ್ನೆ ತನ್ನ ಮಗಳು ಪೆಂಡಾಲಿನ ಮುಂದೆ ಕುಣಿದದ್ದನ್ನು ಅವಳು ಫೋನಿನಲ್ಲಿ ಹಿಡಿದಿದ್ದಳು.

"ಬೈಕ್ ಹೋದ್ಮೇಲೆ ತೆಗ್ದಿದ್ದು ಆಂಟಿ, ಅದ್ರಲ್ಲಿ ಏನೂ ಇಲ್ಲ," ಎಂದಳು.

"ಏನೂ ಇಲ್ದೇ ಇರೋದೇ ನಂಗೆ ಬೇಕಾಗಿರೋದು, ಕೊಡಮ್ಮ."

ಅವಳ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಇನ್ನೊಂದು ಕಿವಿಯ ಹತ್ತಿಯನ್ನೂ ತೆಗೆದು ಫೋನನ್ನು ಕಿವಿಗೆ ಒತ್ತಿದೆ. ಮಗುವಿನ ಗೆಜ್ಜೆ, ಚಪ್ಪಾಳೆ, ಅದರ ಮೇಲೆ ಹಾಡಿನ ಅಬ್ಬರ. ಕಣ್ಣು ಮುಚ್ಚಿದೆ. ಹಾಡಿನ ಕೆಳಗೆ, ಬಹಳ ಕೆಳಗೆ, ಯಾರೋ ದೂರದ ದಡದಲ್ಲಿ ನಿಂತು ಕರೆಯುತ್ತಿದ್ದ ಹಾಗೆ ಆಜಾನ್ ಕೇಳಿಸಿತು. ಎಳೆದೆಳೆದು ಬರುವ ಆ ದನಿ ಮುಗಿಯುವ ತನಕ ಹಾಡು ಒಂದಿಷ್ಟೂ ತಗ್ಗಲಿಲ್ಲ.

ಫೋನು ವಾಪಸು ಕೊಟ್ಟು ನೆಟ್ಟಗೆ ಪೆಂಡಾಲಿಗೆ ನಡೆದೆ.

ಉಮೇಶ್ ಮಿಕ್ಸರಿನ ಟೇಬಲ್ಲಿನ ಹಿಂದೆ ಕೂತು ಚುರುಮುರಿ ತಿನ್ನುತ್ತಿದ್ದ. ನಾನು ಏನೂ ಮಾತಾಡದೆ ಕೈ ಚಾಚಿ ದೊಡ್ಡ ಗುಂಡಿಯನ್ನು ಪೂರ್ತಿ ಕೆಳಗೆ ಎಳೆದೆ.

ಬೀದಿ ನಿಂತುಬಿಟ್ಟಿತು. ಕಿವಿಯೊಳಗೆ ಒಂದು ಸಣ್ಣ ಗುಂಯ್ ಅನ್ನುವುದು ಉಳಿಯಿತು. ಎಲ್ಲೋ ಒಂದು ಕುಕ್ಕರ್ ಕೂಗಿತು, ಗಣೇಶನ ಮುಂದಿನ ಬಾಳೆಕಂದು ಸರಬರ ಅಂದಿತು. ಇಷ್ಟು ಹೊತ್ತೂ ಇವೆಲ್ಲ ಇಲ್ಲೇ ಇದ್ದವು ಅನ್ನುವುದೇ ನನಗೆ ಮರೆತುಹೋಗಿತ್ತು. ಎದೆ ಹಗುರವಾಗಿ, ಒಂದು ಗಳಿಗೆ ನಾನು ಅಲ್ಲಿಗೆ ಯಾಕೆ ಬಂದೆ ಅನ್ನುವುದನ್ನೂ ಮರೆತೆ.

"ಏನ್ ಆಶಕ್ಕ ಇದು, ಕಮಿಟಿಯವ್ರು ಬೈತಾರೆ," ಎಂದ ಉಮೇಶ್.

"ಬೈಲಿ ಬಿಡು. ಮೊನ್ನೆ ಸಂಜೆ ಆಜಾನಿಗೆ ಯಾಕೋ ಇಳಿಸ್ಲಿಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನ ಕೈ ಮಿಕ್ಸರಿನ ಗುಂಡಿ ಮುಟ್ಟಿತು.

"ಮರ್ತೆ ಅಕ್ಕ."

"ನಿನ್ನೆ ಮರ್ತ್ಯಾ?"

"ಇಲ್ಲ."

"ಆಚೆ ಮೊನ್ನೆ?"

"ಇಲ್ಲ. ಮೊನ್ನೆ ಒಂದ್ ದಿನ ಏನೋ... ಗಲಾಟೇಲಿ ಗೊತ್ತಾಗ್ಲಿಲ್ಲ."

"ಗಲಾಟೆ ಮಾಡ್ತಿದ್ದೋನು ನೀನೇ ಅಲ್ವೇನೋ. ನೋಡು ಉಮೇಶ, ಮುನಿವೆಂಕಟಮ್ಮ ನಿನ್ ಸೆಟ್ಟಿನ ಮೇಲೆ ಕಂಪ್ಲೇಂಟ್ ಕೊಟ್ಟಿದ್ರು. ನೀನು ಮಿಕ್ಸರ್ ಹತ್ರ ಇರ್ಲಿಲ್ಲ. ಇವೆರಡನ್ನೂ ವಾಸು ಮುಂದೆ ಇಟ್ರೆ ನಿನ್ ಕಥೆ ಏನಾಗುತ್ತೆ ಯೋಚ್ನೆ ಮಾಡು."

ಚುರುಮುರಿ ಪೊಟ್ಟಣ ಅವನ ಕೈಯಲ್ಲೇ ಮುದುಡಿತು. ಮುಖ ತಗ್ಗಿಸಿ ಕೂತ. ಹುಡುಗ ಕೆಟ್ಟವನಲ್ಲ, ಈ ಬಾಕ್ಸುಗಳ ಹುಚ್ಚು ಅಷ್ಟೇ.

"ದೊಡ್ಡಮ್ಮನ್ನ ನಾನ್ಯಾಕ್ ತಳ್ಳಲಿ ಅಕ್ಕ. ಚಿಕ್ಕೋನಿದ್ದಾಗ ಅವ್ರ ಕೈ ತುತ್ತು ತಿಂದೋನು ನಾನು."

"ಹಾಗಾದ್ರೆ ಎಲ್ಲಿದ್ದೆ?"

"ಹೆಬ್ಬಾಳದಲ್ಲಿ. ಗಯಾಸನ ಬೈಕ್ ತಗೊಂಡ್ ಹೋಗಿದ್ದೆ."

ನಾನು ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ.

"ಬೈಕ್ ಓಡಿಸಿದ್ದು ನೀನು?"

"ಹೂಂ. ದೊಡ್ಡಮ್ಮನ ಗೇಟ್ ಮುಂದೆ ನಿಲ್ಸಿದ್ದ, ಅಲ್ಲಿಂದ್ಲೇ ತಗೊಂಡೆ. ಇಲ್ಲಿ ಮಿಕ್ಸರ್ ಹತ್ರ ಕೂತಿದ್ದು ಗಯಾಸ್."

ನೋಡಿದಿರಾ. ಇಡೀ ಬೀದಿ ಬೈಕು ಕೇಳಿ ಗಯಾಸ್ ಅಂದಿತು, ಸೌಂಡು ಕೇಳಿ ಉಮೇಶ್ ಅಂದಿತು. ಎರಡೂ ಸದ್ದು ನಿಜ, ಸದ್ದಿನ ಹಿಂದೆ ಇದ್ದ ಮನುಷ್ಯರು ಮಾತ್ರ ಅದಲುಬದಲು. ಈ ಸದ್ದುಗಳ ಜೊತೆ ಇದ್ದು ಇದ್ದು ನಮಗೆ ತಲೆ ಎತ್ತಿ ನೋಡುವ ಅಭ್ಯಾಸವೇ ತಪ್ಪಿಹೋಗಿದೆ.

ಸಿಟ್ಟು ನೆತ್ತಿಗೇರಿತು. "ಅವನು ಇಲ್ಲಿ ಕೂತಿದ್ದ ಅನ್ನೋದು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ನಾಳೆ ಅವನು ಜೈಲಿಗೆ ಹೋಗ್ತಾನೆ ಕಣೋ."

"ಅವನೇ ಬೇಡ ಅಂದ ಅಕ್ಕ. ಜೀಪ್ ಹತ್ತುವಾಗ ನನ್ನ ನೋಡಿ ಬಾಯ್ ಮೇಲೆ ಬೆರಳಿಟ್ಕೊಂಡ. ನಂಗೆ ಪ್ರಾಮಿಸ್ ಬೇರೆ ಮಾಡ್ಸಿದ್ದ, ಯಾರಿಗೂ ಹೇಳ್ಬೇಡ ಅಂತ."

"ಏನನ್ನ?"

ಉಮೇಶ್ ಟೇಬಲ್ಲಿನ ಕೆಳಗಿನ ಚೀಲದಿಂದ ಒಂದು ಚಿಕ್ಕ ಬಿಳಿ ಡಬ್ಬಿ ತೆಗೆದ. ಮುಚ್ಚಳ ತೆರೆದರೆ ಒಳಗೆ ಗೋಡಂಬಿ ಆಕಾರದ ಪುಟ್ಟ ವಸ್ತು, ಅದಕ್ಕೊಂದು ತೆಳು ಕೊಳವೆ.

"ಕಿವಿ ಮಷೀನು," ಎಂದ. "ಅವನಿಗೆ ಕೇಳ್ಸಲ್ಲ ಅಕ್ಕ. ರಂಜಾನ್ ಆದ್ಮೇಲೆ ಹೆಚ್ಚುಕಮ್ಮಿ ಪೂರ್ತಿ ಹೋಯ್ತು. ಹಗಲೆಲ್ಲ ಗ್ಯಾರೇಜಲ್ಲಿ ಸೈಲೆನ್ಸರ್ ಪಕ್ಕ ಕಿವಿ ಇಟ್ಕೊಂಡ್ ಕೂರೋದು, ಸಂಜೆ ಬಂದ್ರೆ ನನ್ ಬಾಕ್ಸ್ ಪಕ್ಕ ನಿಂತ್ಕೊಳ್ಳೋದು. ನಾನೇ ನಿಲ್ಲಿಸ್ಕೋತಿದ್ದೆ ಮಗಾ ಬಾ ಅಂತ. ಅರ್ಧ ಪಾಪ ನಂದೇ."

ಅವನ ಕಣ್ಣು ತುಂಬಿತ್ತು. ಕನಸಿನ ಗಯಾಸ್ ಮುಖ ಎತ್ತಿ ನಿಂತಿದ್ದದ್ದು ನೆನಪಾಯಿತು.

"ಮನೆಯಲ್ಲಿ ಗೊತ್ತಿಲ್ವಾ?"

"ಅಮ್ಮನಿಗೆ ಗೊತ್ತಾಗ್ಬಾರ್ದು ಅಂತಾನೆ. ಎದೆ ಒಡ್ಕೋತಾರಂತೆ. ಗ್ಯಾರೇಜಲ್ಲಿ ಗೊತ್ತಾದ್ರೆ ಕೆಲಸಾನೂ ಹೋಗುತ್ತೆ, ಸದ್ದು ಕೇಳದೋನು ಸೈಲೆನ್ಸರ್ ಏನ್ ಸೆಟ್ ಮಾಡ್ತಾನೆ ಅಂತಾರೆ. ಹೋದ ತಿಂಗಳು ಕದ್ದು ಟೆಸ್ಟ್ ಮಾಡಿಸಿದ್ವಿ. ಮೊನ್ನೆ ಮಷೀನ್ ಬಂದಿದೆ, ಕ್ಲಿನಿಕ್ ಮುಚ್ಚೋದ್ರೊಳಗೆ ಬನ್ನಿ ಅಂತ ಫೋನ್ ಬಂತು. ಹಬ್ಬದ ಟ್ರಾಫಿಕ್ಕು. ಅವನ ಬೈಕ್ ಸದ್ದಿಗೆ ಬಸ್‌ನೋರೂ ದಾರಿ ಬಿಡ್ತಾರೆ, ಅದಕ್ಕೇ ತಗೊಂಡ್ ಹೋದೆ."

"ಕೇಳಿಸದೋನು ಮಿಕ್ಸರ್ ಹೆಂಗೋ ನೋಡ್ಕೋತಾನೆ?"

"ಬಾಕ್ಸ್ ಮೇಲೆ ಅಂಗೈ ಇಡ್ತಾನೆ. ನನಗಿಂತ ಚೆನ್ನಾಗಿ ಬೇಸ್ ಹಿಡೀತಾನೆ. ಆಜಾನಿಗೆ ಮಾತ್ರ ಮಿನಾರಿನ ಲೈಟ್ ನೋಡ್ಕೊಂಡಿರ್ತಾನೆ. ಹಸಿರು ಲೈಟ್ ಹತ್ತಿದ ತಕ್ಷಣ ಇಳಿಸ್ತಾನೆ. ಎಷ್ಟೋ ಸಲ ಅವನನ್ನ ಕೂರ್ಸಿದೀನಿ, ಒಂದ್ ದಿನಾನೂ ತಪ್ಪಿಲ್ಲ." ಉಮೇಶ್ ತಲೆ ಕೆರೆದುಕೊಂಡ. "ಮೊನ್ನೆ ಯಾಕ್ ತಪ್ಪಿಸ್ದ ಅನ್ನೋದೇ ನಂಗೂ ಗೊತ್ತಾಗ್ತಿಲ್ಲ."

ಡಬ್ಬಿಯ ಮೇಲಿದ್ದ ನಂಬರಿಗೆ ಫೋನು ಹಚ್ಚಿದೆ. ಕ್ಲಿನಿಕ್ಕಿನ ಹುಡುಗಿಗೆ ಮೊನ್ನೆ ಸಂಜೆಯ ಗಿರಾಕಿ ಚೆನ್ನಾಗಿ ನೆನಪಿದ್ದ. "ಆ ಬೈಕ್ ಬಂದು ನಿಂತಾಗ ನಮ್ಮ ಪೇಷೆಂಟ್‌ಗಳೇ ಬೆಚ್ಚಿಬಿದ್ರು ಮೇಡಂ. ಕಿವಿ ಕೇಳ್ಸಲ್ಲ ಅಂತ ಬಂದೋರು," ಎಂದು ನಕ್ಕಳು.

ಮಿಕ್ಸರಿನ ಕುರ್ಚಿಯಲ್ಲಿ ನಾನೇ ಒಂದು ಸಲ ಕೂತು ನೋಡಿದೆ. ಎಡಕ್ಕೆ ಬೀದಿಯ ಕೊನೆಯಲ್ಲಿ ಮಿನಾರು. ಎದುರಿಗೆ, ಒಂದು ಎಲೆಯೂ ಅಡ್ಡವಿಲ್ಲದೆ, ಮುನಿವೆಂಕಟಮ್ಮನ ಮೆಟ್ಟಿಲು.

ಉಮೇಶನನ್ನು ಸ್ಟೇಷನ್ನಿಗೆ ಬರಲು ಹೇಳಿ ಖುರ್ಷೀದ್ ಬೀ ಮನೆಗೆ ಹೋದೆ. ಮಗನಿಗೆ ಬಟ್ಟೆ ತರುತ್ತೇನೆಂದು ಅವರು ಅಷ್ಟರಲ್ಲಿ ಮನೆ ಸೇರಿದ್ದರು. ಬೀದಿಯ ಕೊನೆಯಲ್ಲಿ ಮಸೀದಿಯ ಗೋಡೆಗೆ ಅಂಟಿಕೊಂಡ ಒಂದೂವರೆ ಕೋಣೆಯ ಮನೆ. ಹೊಲಿಗೆ ಮಷೀನು, ಅದರ ಮೇಲೆ ಅರ್ಧ ಹೊಲಿದ ಹಸಿರು ಬ್ಲೌಸು, ಕಿಟಕಿಯಿಂದ ಬಿದ್ದ ಇಳಿಬಿಸಿಲಿನಲ್ಲಿ ನೂಲಿನ ಎಳೆಗಳು ತೇಲುತ್ತಿದ್ದವು. ಪೆಂಡಾಲಿನ ಹಾಡು ಇಲ್ಲಿಗೆ ಬರುವ ಹೊತ್ತಿಗೆ ಸವೆದು, ಪಕ್ಕದ ಮನೆಯ ರೇಡಿಯೋ ಆಗಿರುತ್ತದೆ.

ಕೂರಿಸಿ ಹೇಳಿದೆ. ಹೇಗೆ ಹೇಳಿದರೂ ಅದು ಸುಲಭದ ಮಾತಾಗಿರಲಿಲ್ಲ.

ಖುರ್ಷೀದ್ ಬೀ ಮಗನ ಮಡಿಸಿದ ಅಂಗಿಯನ್ನು ಸವರಿದರು.

"ಕೂಗಿದ್ರೆ ಬರ್ತಿರ್ಲಿಲ್ಲ," ಎಂದರು. "ಮೊಬೈಲ್ ಹುಚ್ಚು ನಿಂಗೆ, ತಾಯಿ ಮಾತು ಕಿವಿಗೇ ಬೀಳಲ್ಲ ಅಂತ ಬೈತಿದ್ದೆ ಆಶಮ್ಮ. ನಿಜವಾಗ್ಲೂ ಬೀಳ್ತಿರ್ಲಿಲ್ಲ."

ಅತ್ತರು. ನಾನು ಅವರ ಬೆನ್ನು ಸವರಿದೆ. ಸಮಾಧಾನ ಹೇಳುವುದರಲ್ಲಿ ನಾನು ದಡ್ಡಿ. "ಈಗ ಅವನು ಬಚಾವಾದ ಅನ್ಕೊಳ್ಳಿ. ಬೈಕ್ ಮೇಲೆ ಅವನಿರ್ಲಿಲ್ಲ," ಎಂದೆ.

"ಅವನು ಮಾಡಿಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು," ಎಂದರು ಕಣ್ಣೊರೆಸಿಕೊಂಡು.

ಆಗ ಆಜಾನ್ ಶುರುವಾಯಿತು, ಇಳಿಹೊತ್ತಿನದು. ಗೋಡೆಯಾಚೆಯ ದನಿ ಗೋಡೆಯೊಳಗಿಂದಲೇ ಬಂದ ಹಾಗೆ ಮನೆಯೆಲ್ಲ ತುಂಬಿತು. ಶೆಲ್ಫಿನ ಮೇಲಿನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗಿದವು. ಖುರ್ಷೀದ್ ಬೀ ಸೆರಗು ತಲೆಗೆ ಎಳೆದುಕೊಂಡರು. ನಾನು ಲೋಟಗಳನ್ನು ನೋಡುತ್ತಾ, ಆ ನಡುಕದಲ್ಲೇ ಅರೆನಿದ್ದೆಗೆ ಜಾರಿದೆ. ಏನೋ ಒಂದು ನೆನಪಾಗಬೇಕು, ಆಗುತ್ತಿಲ್ಲ ಅನ್ನಿಸುತ್ತಿತ್ತು. ಅವರ ನಮಾಜು ಮುಗಿದ ಮೇಲೆ ಆಟೋ ಹಿಡಿದೆವು.

ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಟ್ರಾಫಿಕ್ಕು ನಮ್ಮನ್ನು ನುಂಗಿ, ಅಗಿದು, ಉಗಿದಿತ್ತು. ಹಾರ್ನು ಹೊಡೆಯುವುದೇ ಧರ್ಮ ಅನ್ನುವವರ ನಡುವೆ ಖುರ್ಷೀದ್ ಬೀ ನಾನು ಕೊಟ್ಟ ಕಿವಿ ಮಷೀನಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಆಕಾಶ ಗುಲಾಬಿಯಾಗಿತ್ತು.

ಗಯಾಸ್ ಒಳಕೋಣೆಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ಬಾಗಿಲಲ್ಲಿ ವಾಸುವನ್ನು ತಡೆದೆ.

"ಕರಿ ಅವನನ್ನ."

"ಲೇ ಗಯಾಸ್," ಎಂದ ವಾಸು.

"ಇನ್ನೂ ಜೋರಾಗಿ."

ವಾಸು ಕೂಗಿದ. ಹೊರಗಿನ ಕಾನ್‌ಸ್ಟೇಬಲ್ ಏನಾಯಿತು ಎಂದು ಓಡಿಬಂದ. ಗಯಾಸನ ಬೆನ್ನು ಅಲುಗಲಿಲ್ಲ. ನಾನು ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಯನ್ನು ಎತ್ತಿ ನೆಲಕ್ಕೆ ಬಿಟ್ಟೆ. ಪೊಲೀಸರಿಬ್ಬರೂ ಬೆಚ್ಚಿದರು. ಗಯಾಸ್ ಮಾತ್ರ ಕಾಲ ಕೆಳಗಿನ ನಡುಕಕ್ಕೆ ನೆಲ ನೋಡಿ, ಆಮೇಲೆ ನಿಧಾನವಾಗಿ ತಿರುಗಿದ.

"ಇವನನ್ನೇ ಅಲ್ವಾ ನೀನು ಬೆಳಿಗ್ಗೆಯಿಂದ ಪ್ರಶ್ನೆ ಕೇಳಿದ್ದು?" ಎಂದೆ.

ವಾಸು ಟೋಪಿ ತೆಗೆದು ಕುರ್ಚಿಯ ಮೇಲಿಟ್ಟ. "ಛೆ," ಎಂದಷ್ಟೇ ಹೇಳಿದ. ಹೊರಗೆ ಕಾಯುತ್ತಿದ್ದ ಉಮೇಶನನ್ನು ಕರೆದು ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿದೆ, ಕ್ಲಿನಿಕ್ಕಿನವಳ ಜೊತೆ ಫೋನಿನಲ್ಲಿ ಮಾತಾಡಿಸಿದೆ. ವಾಸು ತಲೆಯಾಡಿಸುತ್ತಾ ಹೋದ.

ಖುರ್ಷೀದ್ ಬೀ ಮಗನ ಪಕ್ಕ ಕೂತರು. ಡಬ್ಬಿ ಕಂಡ ಕೂಡಲೇ ಗಯಾಸ್ ಉಮೇ‍ಶನನ್ನು ನೋಡಿ ತಲೆ ತಗ್ಗಿಸಿದ. ತಾಯಿ ಅವನ ಗಲ್ಲ ಹಿಡಿದು ತಿರುಗಿಸಿ, ಉಮೇಶ್ ತೋರಿಸಿಕೊಟ್ಟ ಹಾಗೆ ಆ ಪುಟ್ಟ ಮಷೀನನ್ನು ಕಿವಿಗೆ ಸಿಕ್ಕಿಸಿದರು. ಸೂಜಿಗೆ ದಾರ ಪೋಣಿಸುವ ಕೈ, ಒಂದೇ ಸಲಕ್ಕೆ ಕೂತಿತು.

"ಬೇಟಾ," ಎಂದರು ಮೆಲ್ಲಗೆ.

ಗಯಾಸನ ಮುಖ ನೋಡಬೇಕಿತ್ತು. ಎಷ್ಟೋ ದಿನ ಬರಿಯ ತುಟಿಯ ಆಟವಾಗಿದ್ದದ್ದು ದನಿಯಾಗಿ ಬಂದಿತ್ತು. ಹುಡುಗ ಚಿಕ್ಕ ಮಗುವಿನ ಹಾಗೆ ಅತ್ತ, ಅವನ ಜೊತೆ ಉಮೇಶನೂ ಅತ್ತ. ವಾಸು ಕಿಟಕಿಯ ಕಡೆ ತಿರುಗಿದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕೆಲಸ ಮುಗಿಯಿತು, ಹುಡುಗ ಉಳಿದ. ಆದರೆ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಗಯಾಸ್," ಎಂದೆ. "ಬೈಕಲ್ಲಿ ನಾನಿರ್ಲಿಲ್ಲ ಅಂತ ಒಂದ್ ಮಾತು ಹೇಳಿದ್ರೆ ಬಿಟ್ಟುಬಿಡ್ತಿದ್ರು. ಕಿವಿ ವಿಷ್ಯ ಮುಚ್ಚಿಡೋಕೆ ಯಾರೂ ಜೈಲಿಗೆ ಹೋಗಲ್ಲ ಕಣಪ್ಪ."

ಅವನು ಖಾಲಿ ಡಬ್ಬಿಯ ಮುಚ್ಚಳ ಮುಚ್ಚಿ ತಾಯಿಯ ಕೈಗಿಟ್ಟ.

"ಮಿನಾರಿನ ಲೈಟ್ ಯಾವತ್ತೂ ತಪ್ಪಿಸದೋನು ಮೊನ್ನೆ ತಪ್ಪಿಸ್ದೆ. ನಿನ್ ಕಣ್ಣು ಬೇರೆ ಕಡೆ ಇತ್ತು. ಮೆಟ್ಟಿಲ ಮೇಲೆ ಏನ್ ನೋಡ್ತಿದ್ದೆ?"

"ಏನೂ ಇಲ್ಲ ಅಕ್ಕ." ಅವನ ದನಿ ತೀರ ಜೋರಾಗಿತ್ತು, ತನ್ನ ದನಿಗೆ ತಾನೇ ಬೆಚ್ಚಿ ತಗ್ಗಿಸಿದ. "ಏನೂ ನೋಡ್ಲಿಲ್ಲ. ನಾನೇ ತಳ್ಳಿದೆ ಅಂತ ಬರ್ಕೊಳ್ಳಿ ಸಾರ್."

ವಾಸು ತಿರುಗಿದ. "ಏಯ್, ಈಗ ತಾನೇ ನೀನು ಮಿಕ್ಸರ್ ಹತ್ರ ಇದ್ದೆ ಅಂತ ಗೊತ್ತಾಯ್ತಲ್ಲೋ."

"ಎದ್ದು ಹೋಗಿ ತಳ್ಳಿ ಬಂದೆ ಸಾರ್."

ಕಿಟಕಿಯಾಚೆ ಕತ್ತಲಾಗುತ್ತಿತ್ತು. ಹತ್ತಿರದ ಯಾವುದೋ ಪೆಂಡಾಲಿನ ಹಾಡು ಇದ್ದಕ್ಕಿದ್ದಂತೆ ತಗ್ಗಿತು. ಹಕ್ಕಿಗಳು ಗೂಡಿಗೆ ಸೇರುವ ಗದ್ದಲ ಕೇಳಿಸಿತು, ಆಮೇಲೆ ಎಲ್ಲಿಂದಲೋ ಸಂಜೆಯ ಆಜಾನ್ ತೇಲಿ ಬಂತು. ಗಯಾಸ್ ಬಾಯಿ ತೆರೆದು ಕೇಳುತ್ತಾ ಕೂತ. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

ನನಗೆ ಆಗ ಕಂಡದ್ದು ಶೆಲ್ಫಿನ ಮೇಲೆ ನಡುಗುತ್ತಿದ್ದ ಸ್ಟೀಲಿನ ಲೋಟಗಳು.

ಮಸೀದಿಯ ಗೋಡೆಗೆ ಅಂಟಿದ ಮನೆ. ಆಜಾನ್ ಕೂಗಿದರೆ ಪಾತ್ರೆಗಳೇ ನಡುಗುವ ಮನೆ. ಪೆಂಡಾಲು ಎಷ್ಟೇ ಬಡಿದುಕೊಳ್ಳಲಿ, ಆ ಮನೆಯೊಳಗೆ ಕೂತವರಿಗೆ ಆಜಾನ್ ಕೇಳಿಸದೆ ಇರುವುದು ಸಾಧ್ಯವಿಲ್ಲ. ಮೊನ್ನೆ ಅದು ಕೇಳಿಸದೆ ಇದ್ದದ್ದು ಪೆಂಡಾಲಿನ ಪಕ್ಕದಲ್ಲಿ, ಆ ಮೆಟ್ಟಿಲ ಹತ್ತಿರ ಇದ್ದವರಿಗೆ ಮಾತ್ರ. ಅಲ್ಲಿಂದ ನೋಡಿದರೆ ಮಿನಾರಿನ ಹಸಿರು ಲೈಟು ಚೆನ್ನಾಗಿ ಕಾಣುತ್ತದೆ.

ನಾನು ಯಾರ ಪರವಾಗಿ ಇಷ್ಟೆಲ್ಲ ಅಲೆದೆನೋ ಅವರ ಕಡೆ ತಿರುಗಿದೆ.

"ಖುರ್ಷೀದ್ ಬೀ, ಮೊನ್ನೆ ಆಜಾನ್ ಕೇಳಿಸ್ಲಿಲ್ಲ ಅಂದ್ರಿ. ನಿಮ್ಮನೇಲಿ ಕೂತ್ಕೊಂಡು ಅದು ಹೆಂಗೆ ಕೇಳಿಸ್ದೆ ಇರುತ್ತೆ?"

ಅವರ ಕೈ ಸೆರಗಿನ ಅಂಚಿನಲ್ಲಿ ನಿಂತಿತು.

"ಅಮ್ಮೀ, ಕುಚ್ ನಕ್ಕೊ ಬೋಲೋ," ಎಂದ ಗಯಾಸ್. ಏನೂ ಹೇಳಬೇಡ ಎಂದು. ಆಕೆ ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

ವಾಸು ಒಮ್ಮೆ ಮಗನನ್ನು, ಒಮ್ಮೆ ತಾಯಿಯನ್ನು ನೋಡಿದ. ಖುರ್ಷೀದ್ ಬೀ ಮಗನ ಕೆನ್ನೆ ಸವರಿದರು. ಆಜಾನ್ ಮುಗಿದ ಮೇಲೆ, ತಾವೇ ಕೂರಿಸಿದ್ದ ಮಷೀನನ್ನು ಅವನ ಕಿವಿಯಿಂದ ನಿಧಾನವಾಗಿ ಬಿಡಿಸಿ ಅಂಗೈಯಲ್ಲಿ ಮುಚ್ಚಿಕೊಂಡರು. ಅವನು ಕೈ ಹಿಡಿದುಕೊಳ್ಳಲು ಹೋದ, ಅವರು ಬಿಡಲಿಲ್ಲ.

ಎದ್ದು, ತುಟಿ ಕಾಣದ ಹಾಗೆ ಅವನಿಗೆ ಬೆನ್ನು ಮಾಡಿ ನಿಂತರು.

"ಈಗ ಕೇಳಿ ಆಶಮ್ಮ," ಎಂದರು. "ಹೇಳ್ತೀನಿ."